ಏಳನೆಯ ಹಾಳೆ

ಧನುಷ್, ಶ್ರಾವ್ಯಾ,

ಮೊನ್ನೆ ಸಂಜೆ, ಧನುಷ್, ನೀನು ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದು, "ಅಜ್ಜಿ, ಇದರಲ್ಲಿ ಎಷ್ಟು ಕಾಣ್ತದೆ ಹೇಳಿ" ಎಂದು ಕೇಳಿದೆ. ಬಣ್ಣದ ಚುಕ್ಕಿಗಳು ತುಂಬಿದ ಒಂದು ವೃತ್ತ, ಚುಕ್ಕಿಗಳ ನಡುವೆ ಅಡಗಿ ಕುಳಿತ ಒಂದು ಸಂಖ್ಯೆ. ಕೆನಡಾದಲ್ಲಿ ಟ್ರಕ್ ಓಡಿಸಲು ಹೋಗುವ ಮೊದಲು ಕಣ್ಣಿನ ಪರೀಕ್ಷೆ ಇದೆಯೆಂದು ನೀನು ಅಭ್ಯಾಸ ಮಾಡುತ್ತಿದ್ದೆ. "ನಲವತ್ತೈದು" ಎಂದೆ. "ಅಜ್ಜಿ ಪಾಸ್!" ಎಂದು ನೀನು ನಕ್ಕೆ. ನಾನು ಅಡುಗೆಮನೆಗೆ ಹೋದೆ. ಹಿಂದೆಯೇ ಬಂದ ಶ್ರಾವ್ಯಾ, "ಎಂತ ಆಯ್ತು ಅಜ್ಜಿ, ಕಣ್ಣಲ್ಲಿ ನೀರು?" ಎಂದಳು. ನೀರುಳ್ಳಿ ಕೊಚ್ಚಿದೆ ಎಂದೆ. ಆ ದಿನ ಮನೆಯಲ್ಲಿ ನೀರುಳ್ಳಿಯೇ ಇರಲಿಲ್ಲ.

ಎದುರು ನಿಂತು ಹೇಳುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದು ನಡೆದ ಕಾಲದಲ್ಲಿ ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಬರೆಯಲು ಬರುವುದು ಹಳ್ಳಿಯ ಶಾಲೆಯಲ್ಲಿ ಕಲಿತ ಈ ಕನ್ನಡ ಮಾತ್ರ.

ಶಕ್ತಿನಗರದ ಈ ಮನೆ ಕಟ್ಟುವ ಮೊದಲು ನಾವು ಬೋಳಾರದಲ್ಲಿ, ಹೊಳೆಯ ಹತ್ತಿರದ ಒಂದು ಸಾಲುಮನೆಯಲ್ಲಿದ್ದೆವು. ನಿಮ್ಮ ಅಜ್ಜ ಮೀನಿನ ಲಾರಿ ಓಡಿಸುತ್ತಿದ್ದರು. ಪಕ್ಕದ ಮನೆಯವರೂ ಅದೇ ಧಣಿಯ ಇನ್ನೊಂದು ಲಾರಿಯ ಡ್ರೈವರ್. ನಿಮ್ಮ ಅಮ್ಮ ಆಗ ಚಿಕ್ಕವಳು, ಅವರನ್ನು ಲಾರಿ ಮಾಮ ಎನ್ನುತ್ತಿದ್ದಳು. ನಾನೂ ಹಾಗೆಯೇ ಬರೆಯುತ್ತೇನೆ. ಹೆಸರು ಬರೆಯಲು ಕೈ ಬರುವುದಿಲ್ಲ.

ಒಮ್ಮೆ ಗಲ್ಫಿನ ಒಂದು ಕಂಪನಿಗೆ ಟ್ರೈಲರ್ ಓಡಿಸಲು ಮೂವರು ಬೇಕೆಂದು ಏಜೆಂಟ್ ಬಂದ. ಲಾರಿ ಮಾಮನ ಹೆಸರು ಮೂರನೆಯದು, ನಿಮ್ಮ ಅಜ್ಜನದು ನಾಲ್ಕನೆಯದು. ಮೂವರಲ್ಲಿ ಯಾರಾದರೂ ಮುಂಬಯಿಯ ವೈದ್ಯಕೀಯ ಪರೀಕ್ಷೆಯಲ್ಲಿ ಬಿದ್ದರೆ ಮಾತ್ರ ನಾಲ್ಕನೆಯವರಿಗೆ ಅವಕಾಶ.

ಗಲ್ಫಿನಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಸ್ಟೇರಿಂಗ್ ಎಡಕ್ಕೆ, ಗೇರು ಬಲಗೈಗೆ. ಲಾರಿ ಮಾಮ ಅಂಗಳದಲ್ಲಿ ಸ್ಟೂಲ್ ಹಾಕಿ ಕುಳಿತು, ಎಡಗೈಯಲ್ಲಿ ಅನ್ನದ ಪಾತ್ರೆಯ ಮುಚ್ಚಳ ಹಿಡಿದು ತಿರುಗಿಸುತ್ತಿದ್ದರು. ಬಲಗಡೆ ಎರಡು ಕೆಂಪುಕಲ್ಲುಗಳ ನಡುವೆ ಸಿಕ್ಕಿಸಿದ ಒನಕೆಯೇ ಗೇರು. ಎಡಗೈ ಅಭ್ಯಾಸಬಲದಿಂದ ಗೇರು ಹುಡುಕಿಕೊಂಡು ಹೋಗುತ್ತದೆಂದು ಅದನ್ನು ಹೆಗಲ ಮೇಲಿನ ಬೈರಾಸಿನಿಂದ ಮುಚ್ಚಳಕ್ಕೇ ಕಟ್ಟಿಕೊಳ್ಳುತ್ತಿದ್ದರು. ಸಾಲುಮನೆಯವರೆಲ್ಲ ನಿಂತು ನೋಡುತ್ತಿದ್ದರು. "ಹಾರ್ನ್ ಹೊಡಿ ಮಾರಾಯ, ಎದುರಿಂದ ಒಂಟೆ ಬರ್ತಾ ಉಂಟು!" ಎಂದು ಯಾರೋ ಕೂಗಿದರೆ, ಅವರು ಬಾಯಲ್ಲೇ ಹಾರ್ನ್ ಹೊಡೆದು ಎಲ್ಲರನ್ನೂ ನಗಿಸುತ್ತಿದ್ದರು.

ನಗು ನಿಂತ ಮೇಲೆ ನನ್ನ ಜಗಲಿಗೆ ಬರುತ್ತಿದ್ದರು. ಅವರಿಗೆ ಕೆಂಪು ಹಸಿರು ತಿಳಿಯುತ್ತಿರಲಿಲ್ಲ. ನಮ್ಮ ಎರಡು ಮನೆಯವರಿಗಲ್ಲದೆ ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ. ಸಿಗ್ನಲ್ಲಿನಲ್ಲಿ ಮೇಲಿನ ದೀಪ ಉರಿದರೆ ನಿಲ್ಲುವುದು, ಕೆಳಗಿನದು ಉರಿದರೆ ಹೋಗುವುದು. ಅಷ್ಟು ವರ್ಷ ಒಂದು ಸೈಕಲ್ಲಿಗೂ ತಾಗಿಸಿದವರಲ್ಲ. ಪರೀಕ್ಷೆಯಲ್ಲಿ ತೋರಿಸುವ ಚುಕ್ಕಿಗಳ ಪುಸ್ತಕವನ್ನು ನಿಮ್ಮ ಅಜ್ಜನೇ ಪರಿಚಯದ ಕನ್ನಡಕದ ಅಂಗಡಿಯಿಂದ ಕೇಳಿ ತಂದಿದ್ದರು. "ನೀನು ಮಗ್ಗಿ ಚೆನ್ನಾಗಿ ಹೇಳಿಸ್ತೀಯಲ್ಲ, ಇವನಿಗೆ ಸಾಲಾಗಿ ಬಾಯಿಪಾಠ ಮಾಡಿಸು" ಎಂದು ನನ್ನ ಕೈಗೆ ಕೊಟ್ಟರು.

ಹದಿನೈದು ದಿನ ಹೇಳಿಸಿದೆ. ನಾನು ಹಾಳೆ ತಿರುಗಿಸುವುದು, ಅವರು ಹೇಳುವುದು. ಹನ್ನೆರಡು, ಎಂಟು, ಆರು... ಅವರಿಗೆ ಕಾಣುತ್ತಿದ್ದದ್ದು ಬರೀ ಚುಕ್ಕಿ. "ನನಗೆ ಇದು ಮೀನಿನ ಹುರುಪೆಯ ರಾಶಿ ಅಕ್ಕ. ನೀವು ಹೇಳಿದ್ದೇ ಸತ್ಯ" ಎನ್ನುತ್ತಿದ್ದರು. ಗಂಡಸರ ಎದುರು ಬಾಯಿ ಬಿಡದ ನಾನು ಅವರನ್ನು ಟೀಚರಂತೆ ಗದರುತ್ತಿದ್ದೆ. ಅವರು ಕೈಕಟ್ಟಿ ಕುಳಿತಿರುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವರು ಮುಂಬಯಿ ಬಸ್ಸು ಹತ್ತುವ ಹಿಂದಿನ ದಿನ ನನ್ನ ಅತ್ತೆ ಮೀನು ಕೊಯ್ಯುತ್ತಾ, ತಲೆ ಎತ್ತದೆ ಹೇಳಿದರು: "ಕಲಿಸು, ಚೆಂದ ಕಲಿಸು. ಅವನ ಹೆಂಡತಿ ಚಿನ್ನ ಹಾಕಿ ಮೆರೀಲಿ. ನಿನ್ನ ಗಂಡ ಮೀನಿನ ನೀರಲ್ಲೇ ಕೊಳೀಲಿ."

ನಾನು ಮೀನು ತೊಳೆಯಲು ನೀರು ತಂದಿಟ್ಟೆ. ಅತ್ತೆಗೆ ಯಾವತ್ತೂ ಎದುರು ಮಾತಾಡಿದವಳಲ್ಲ.

ಮಧ್ಯಾಹ್ನ ಲಾರಿ ಮಾಮ ಬಂದರು. ತೊಡೆ ತಟ್ಟಿಕೊಳ್ಳುತ್ತಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಒಂದೂ ತಪ್ಪಲಿಲ್ಲ. ನಾನು ಪುಸ್ತಕವನ್ನು ಮತ್ತೆ ತೆರೆದೆ. "ಏಳನೆಯದು ನಲವತ್ತೈದು ಅಲ್ಲ, ಹದಿನಾರು. ಇಷ್ಟು ದಿನ ನಾನು ಸರಿಯಾಗಿ ನೋಡಿರಲಿಲ್ಲ" ಎಂದೆ. ನನ್ನ ಸ್ವರ ನಡುಗಲಿಲ್ಲ. ಅದೇ ನನಗೆ ಇವತ್ತಿಗೂ ಹೆದರಿಕೆ ಹುಟ್ಟಿಸುವುದು.

ಅವರು ಎದೆ ಮುಟ್ಟಿಕೊಂಡರು. "ಅಯ್ಯೋ ದೇವರೇ! ಈಗಲಾದರೂ ನೋಡಿದಿರಲ್ಲ. ಇಲ್ಲದಿದ್ದರೆ ನನ್ನ ಗತಿ ಎಂತ ಅಕ್ಕ?" ಎಂದರು. ಹತ್ತು ಸಲ ಹೇಳಿ ಕಲಿತರು. ಹತ್ತು ಸಲವೂ ನಾನು ತಲೆ ಆಡಿಸಿದೆ.

ಮುಂಬಯಿಯಲ್ಲಿ ಆದದ್ದನ್ನು ಜೊತೆಗೆ ಹೋದ ಇಬ್ಬರು ಬಂದು ಹೇಳಿದರು. ನಡುವೆ ಒಂದು ಹಾಳೆಗೆ ಡಾಕ್ಟರ್ ತಲೆ ಎತ್ತಿದರಂತೆ. ಯಾವ ಹಾಳೆಯೆಂದು ನನಗೆ ಮಾತ್ರ ಗೊತ್ತಿತ್ತು. ಸಂಶಯ ಬಂದು ಪುಸ್ತಕವನ್ನು ಹಿಂದಿನಿಂದ ತಿರುಗಿಸಿದರಂತೆ. ಲಾರಿ ಮಾಮ ಬಾಯಿಪಾಠದ ಸಾಲನ್ನೇ ಹೇಳುತ್ತಾ ಹೋದರಂತೆ. ಕೋಣೆಯಲ್ಲಿದ್ದವರೆಲ್ಲ ನಕ್ಕರಂತೆ...

ಲಾರಿ ಮಾಮನಿಗೆ ವೀಸಾ ತಪ್ಪುತ್ತದೆ, ಇದ್ದ ಲಾರಿ ಇರುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಸುದ್ದಿ ಕೇಳಿದ ಧಣಿ ಬೀಗದ ಕೈ ಕಿತ್ತುಕೊಂಡರು. "ಕಣ್ಣು ಕಾಣದವನ ಕೈಗೆ ಲಾರಿ ಕೊಟ್ಟಿದ್ದೆನಾ ಮಾರಾಯ ಇಷ್ಟು ವರ್ಷ!" ಎಂದರಂತೆ. ಲಾರಿ ಮಾಮ ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಐಸ್ ಹೊರುವ ಕೆಲಸಕ್ಕೆ ಸೇರಿದರು. ಅಂಗಳದಲ್ಲಿ ಅವರ ಜೊತೆ ನಕ್ಕವರು ಈಗ ಅವರನ್ನು ನೋಡಿ ನಕ್ಕರು. ಗೂಡಂಗಡಿಯಲ್ಲಿ ಮೆಣಸು ಎತ್ತಿ ಹಿಡಿದು, "ಇದು ಹಣ್ಣಾ ಕಾಯಾ, ಹೇಳು ನೋಡುವ" ಎನ್ನುವರು. ಅವರು ಅದನ್ನು ಕಚ್ಚಿ, "ಖಾರ ಉಂಟು" ಎಂದು ಮುಂದೆ ಹೋಗುವರು.

ನಿಮ್ಮ ಅಜ್ಜ ಪರೀಕ್ಷೆಯಲ್ಲಿ ಪಾಸಾದರು. ಹೊರಡುವ ಮೊದಲಿನ ವಾರ ಅವರನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ, ಅದೇ ಮುಚ್ಚಳ ಕೊಟ್ಟು, ಅದೇ ಒನಕೆಯ ಗೇರು ಹಾಕಲು ಕಲಿಸಿದ್ದು ಯಾರು ಗೊತ್ತಾ? ಲಾರಿ ಮಾಮ. ಐಸ್ ಹೊತ್ತು ಸೆಟೆದ ಬೆರಳುಗಳಿಂದ ನಿಮ್ಮ ಅಜ್ಜನ ಎಡಗೈಗೆ ಬೈರಾಸು ಕಟ್ಟುತ್ತಿದ್ದರು. "ಬಲಗೈ, ಬಲಗೈ ಮಾರಾಯ! ಅಲ್ಲಿ ಹೋಗಿ ನನ್ನ ಮರ್ಯಾದೆ ತೆಗೀಬೇಡ!" ನಾನು ಚಾ ಕೊಟ್ಟೆ. ನನ್ನನ್ನು ನೋಡಿ ಅವರು, "ಬೇಜಾರು ಮಾಡ್ಬೇಡಿ ಅಕ್ಕ. ನೀವು ಸರಿಯಾಗಿಯೇ ಕಲಿಸಿದ್ರಿ. ನನ್ನ ತಲೆಯಲ್ಲಿ ನಿಲ್ಲಲಿಲ್ಲ" ಎಂದರು.

ಬಣ್ಣ ಕಾಣದವರು ಆ ದೂರದ ಊರಿನಲ್ಲಿ ಎಲ್ಲಿಗಾದರೂ ಗುದ್ದಿ ಸಾಯುತ್ತಿದ್ದರು, ನಾನು ಅವರ ಜೀವ ಉಳಿಸಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆ ಚಿಂತೆ ನಿಜವಾಗಿಯೂ ಇದ್ದಿದ್ದರೆ ಮೊದಲ ದಿನವೇ ಪುಸ್ತಕ ಮುಚ್ಚುತ್ತಿದ್ದೆ. ಈ ಮನೆ, ನಿಮ್ಮ ಅಮ್ಮನ ಓದು ಎಲ್ಲವೂ ನಿಮ್ಮ ಅಜ್ಜ ಅಲ್ಲಿ ದುಡಿದದ್ದರಿಂದಲೇ ಆಯಿತು. ಅವರಿಗೆ ನಾನು ಈ ವಿಷಯ ಕೊನೆಯವರೆಗೂ ಹೇಳಲಿಲ್ಲ.

ನಿಮ್ಮ ಅಜ್ಜ ತೀರಿಕೊಂಡಾಗ ಲಾರಿ ಮಾಮ ಎರಡು ಬಸ್ಸು ಬದಲಿಸಿ ಇಲ್ಲಿಗೆ ಬಂದಿದ್ದರು. ಒಂದು ಹೆಗಲು ಇಳಿದುಹೋಗಿತ್ತು. ಎಲ್ಲರೂ ಒಳಗೆ ಹೋದ ಮೇಲೆ ಮೆಲ್ಲಗೆ, "ಅಕ್ಕ, ನನಗೆ ಇನ್ನೂ ಮರೆತಿಲ್ಲ, ಕೇಳ್ತೀರಾ?" ಎಂದರು. ಕೈಕಟ್ಟಿ ಕುಳಿತು ಹೇಳತೊಡಗಿದರು. ಹನ್ನೆರಡು, ಎಂಟು, ಆರು... ಏಳನೆಯದಕ್ಕೆ ಬಂದಾಗ ಹದಿನಾರು ಎಂದರು. ಮುಗಿಸಿ ನನ್ನ ಮುಖ ನೋಡಿದರು. "ಸರಿ ಉಂಟಲ್ಲಾ? ಎಲ್ಲಿ ತಪ್ಪಿತು ಅಂತ ಇಷ್ಟು ವರ್ಷದಲ್ಲೂ ಗೊತ್ತಾಗ್ಲಿಲ್ಲ ನನಗೆ."

ಮನೆಯಲ್ಲಿ ನನ್ನನ್ನು ಗದರುವವರು ಯಾರೂ ಉಳಿದಿರಲಿಲ್ಲ. ಕಳೆದುಕೊಳ್ಳಲು ಏನೂ ಇರಲಿಲ್ಲ. ಆದರೂ ನಾನು, "ಸರಿ ಉಂಟು" ಎಂದೆ.

ಕಳೆದ ಮಳೆಗಾಲದಲ್ಲಿ ಅವರೂ ಹೋದರು. ನನಗೆ ಕಾಲುನೋವು ಎಂದು ಹೇಳಿ ನಾನು ನೋಡಲು ಹೋಗಲಿಲ್ಲ. ನಿಮಗೆ ನೆನಪಿರಬಹುದು, ಆ ಸಂಜೆ ನಾನು ಕಿಟಕಿಯ ಹತ್ತಿರ ಕುಳಿತು ಹೂ ಕಟ್ಟುತ್ತಿದ್ದೆ.

ಧನುಷ್, ನಿನಗೆ ಎಲ್ಲ ಬಣ್ಣವೂ ಕಾಣುತ್ತದೆ, ನೀನು ಹೋಗಿ ಬಾ. ಈ ಹಾಳೆಗಳನ್ನು ಮಳೆನೀರು ತಾಗದಲ್ಲಿ ಇಡಿ, ಅಜ್ಜಿಯ ಮರ್ಯಾದೆಗೆಂದು ಹರಿದು ಹಾಕಬೇಡಿ. ಲಾರಿ ಮಾಮನ ಮಗಳು ಈಗಲೂ ಬೋಳಾರದಲ್ಲೇ ಇದ್ದಾಳೆ. ನಾನು ಇರುವಷ್ಟು ದಿನ ಅವಳ ಬಾಗಿಲಿಗೆ ಹೋಗಲಾರೆ, ಅದು ನನಗೆ ಗೊತ್ತು. ನಾನು ಹೋದ ಮೇಲೆ ನಿಮ್ಮಲ್ಲಿ ಒಬ್ಬರು ಇದನ್ನು ಅವಳ ಕೈಗೆ ಕೊಟ್ಟು, ಏಳನೆಯದು ನಲವತ್ತೈದೇ ಆಗಿತ್ತು, ನಿನ್ನ ಅಪ್ಪನಿಗೆ ಸರಿಯಾಗಿಯೇ ನೆನಪಿತ್ತು ಎಂದು ಹೇಳಿ.