ಒಂಬತ್ತು ಉದಾಹರಣೆಗಳು

ನಮ್ಮತ್ತೆ ಪುರಸಭೆಯಲ್ಲಿ ಇಪ್ಪತ್ತಾರು ವರ್ಷ ನಡಾವಳಿ ಬರೆದವಳು. ಸದಸ್ಯರು ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಗೀಚಿಕೊಂಡು, ಬೈಗುಳ ಬಿಟ್ಟು ಉಳಿದದ್ದನ್ನು ಟೈಪ್ ಮಾಡುತ್ತಿದ್ದಳು. ಗೀಚಿದ ಪುಸ್ತಕಗಳನ್ನು ಮಾತ್ರ ಒಂದೂ ಬಿಡದೆ ಬೀರುವಿನಲ್ಲಿ ಇಟ್ಟಿದ್ದಳು.

ಒಮ್ಮೆ ಮೂರನೇ ವಾರ್ಡಿನ ಸದಸ್ಯ ಸಭೆಯಲ್ಲಿ ತಾರೀಕು ತಪ್ಪು ಹೇಳಿದ. ಅತ್ತೆ ಮೆಲ್ಲಗೆ ತಿದ್ದಿದಳು. ಅವನು ಫೈಲನ್ನು ಅವಳ ಮುಖಕ್ಕೇ ಎಸೆದು, "ಏಯ್, ನಿಂಗೆ ಸಂಬಳ ಕೊಡೋದು ಬರೆಯೋಕೆ, ಬಾಯಿ ಬಿಡೋಕಲ್ಲ" ಅಂದ. ಎಲ್ಲರೂ ನಕ್ಕರು. ನಕ್ಕವರು ಯಾರ್ಯಾರು ಅಂತ ಈಗ ಕೇಳಿದರೂ ನಾನು ಹೇಳಬಲ್ಲೆ, ಅತ್ತೆ ಅಷ್ಟು ಸಲ ಹೇಳಿದ್ದಾಳೆ.

ಹನ್ನೊಂದು ವರ್ಷದ ಮೇಲೆ, ಸದಸ್ಯರ ನಡತೆಯ ನಿಯಮಗಳನ್ನು ಹೊಸದಾಗಿ ಬರೆಯಿರಿ ಎಂದು ಮೇಲಿನಿಂದ ಆದೇಶ ಬಂತು. ಹೇಗೆ ನಡೆದುಕೊಳ್ಳಬಾರದು ಎನ್ನುವುದಕ್ಕೆ ಪ್ರತಿ ನಿಯಮಕ್ಕೂ ಒಂದು ಉದಾಹರಣೆ ಬೇಕಿತ್ತು. ಸಮಿತಿಯ ಅಧ್ಯಕ್ಷ ಅದೇ ಮಹಾನುಭಾವ. ಕೂತು ಬರೆಯುವ ಜಾಯಮಾನ ಅವನದಲ್ಲ. "ಉದಾಹರಣೆ ಏನಾದ್ರೂ ನೀನೇ ತುಂಬಿಸಮ್ಮ" ಅಂದ.

ಅತ್ತೆ ತುಂಬಿಸಿದಳು. ಒಂಬತ್ತಕ್ಕೆ ಒಂಬತ್ತೂ ಅವನದೇ ಮಾತು, ತಾರೀಕಿನ ಸಮೇತ.

ಕರಡನ್ನು ಅಧ್ಯಕ್ಷನೇ ಸಭೆಯಲ್ಲಿ ಪೂರ್ತಿ ಓದಬೇಕು, ಅದು ಅಲ್ಲಿನ ಪದ್ಧತಿ. ಅವನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಎರಡನೇ ಉದಾಹರಣೆಗೆ ದನಿ ಇಳಿಯಿತು. ಫೈಲು ಎಸೆದ ದಿನದ ಮಾತು ಬರುವಷ್ಟರಲ್ಲಿ ಕಿವಿ ಕೆಂಪಾಗಿ, ಓದು ನಿಲ್ಲಿಸಿ ಅವಳನ್ನು ದುರುಗುಟ್ಟಿ ನೋಡಿದ.

ಅತ್ತೆ ಪುಸ್ತಕದಿಂದ ಪೆನ್ಸಿಲ್ ಎತ್ತಲಿಲ್ಲ.

"ಸ್ವಲ್ಪ ಜೋರಾಗಿ ಓದಿ ಸಾರ್. ನಂಗೆ ಸಂಬಳ ಕೊಡೋದು ಬರೆಯೋಕೆ."