ಬೋಣಿ ಹೊತ್ತಿನ ಆರು ಅಂಕಿ

ನಾನು ಮಾಡಿದ್ದು ಸರಿಯಲ್ಲ ಎನ್ನುವವರು ಇವತ್ತಿಗೂ ಇದ್ದಾರೆ. ಬೆಳಬೆಳಗ್ಗೆ ಬೋಣಿಯಾಗದ ಅಂಗಡಿ ಹತ್ತಿ ವ್ಯಾಪಾರಸ್ಥನನ್ನು ಪೇಚಿಗೆ ಸಿಕ್ಕಿಸುವುದು ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲವಂತೆ. ಅನ್ನಲಿ. ಎಂ.ಎಸ್ಸಿ ಸೀಟು ನನಗೆ ಬರಬೇಕಾಗಿತ್ತು, ಹೋಗಿ ತಂದೆ. ಹೇಗೆ ತಂದೆ ಎಂಬುದನ್ನು ಬೇರೆಯವರು ಬಾಯಿಗೆ ಬಂದಂತೆ ಹೇಳುವ ಬದಲು ನಾನೇ ಹೇಳಿಬಿಡುತ್ತೇನೆ.

ನಮ್ಮದು ಶಹಾಪುರದ ಹತ್ತಿರದ ಒಂದು ಹಳ್ಳಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡ. ಅವ್ವ ಕೂಲಿಗೆ ಹೋಗುತ್ತಾಳೆ. ಕಾಲುವೆಗೆ ನೀರು ಬಿಟ್ಟಾಗ ಭತ್ತದ ನಾಟಿ, ಆಮೇಲೆ ಹತ್ತಿ ಬಿಡಿಸುವುದು, ಅದು ಮುಗಿದರೆ ಮೆಣಸಿನಕಾಯಿ. ಮನೆಯಲ್ಲಿ ಗೋಡೆಗೆ ಬುದ್ಧನ ಚಿತ್ರದ ಕ್ಯಾಲೆಂಡರು ಬಿಟ್ಟರೆ ಬೇರೆ ದೇವರಿಲ್ಲ. ನಾನು ಸುರಪುರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ ಮಾಡಿದೆ. ಗಣಿತ ನನಗೆ ಬಹಳ ಇಷ್ಟ. ಗಣಿತದಲ್ಲಿ ನೀನು ಯಾರ ಮಗಳು ಎಂದು ಯಾರೂ ಕೇಳುವುದಿಲ್ಲ, ಉತ್ತರ ಬಂದರೆ ಬಂತು, ಇಲ್ಲವೆಂದರೆ ಇಲ್ಲ.

ಆದರೆ ಕೊನೆಯ ಸೆಮಿಸ್ಟರಿನಲ್ಲಿ ಅದೇ ಗಣಿತದ ಒಂದು ಪೇಪರು ನಪಾಸು ಎಂದು ಬಂತು. ನಾನು ನಂಬಲಿಲ್ಲ. ಮರುಮೌಲ್ಯಮಾಪನಕ್ಕೆ ಹಾಕಿದೆ. ಪಾಸಷ್ಟೇ ಅಲ್ಲ, ಒಳ್ಳೆಯ ಅಂಕವೇ ಬಂತು. ಬರುವ ಹೊತ್ತಿಗೆ ಎಂ.ಎಸ್ಸಿ ಪ್ರವೇಶದ ಎರಡು ಸುತ್ತು ಮುಗಿದುಹೋಗಿದ್ದವು. ಉಳಿದದ್ದು ಕೊನೆಯ ಸ್ಪಾಟ್ ಸುತ್ತು ಒಂದೇ, ಅದೂ ಸೀಟು ಖಾಲಿ ಇದ್ದರೆ.

ಅಂಕಪಟ್ಟಿ ಹಿಡಿದು ಯಾದಗಿರಿಯ ಸ್ನಾತಕೋತ್ತರ ಕೇಂದ್ರಕ್ಕೆ ಓಡಿದೆ. ಅಲ್ಲಿನ ಕ್ಲರ್ಕು ನಡುವಯಸ್ಸಿನ ಹೆಣ್ಣುಮಗಳು, ಮಾತು ಖಾರ, ಕೆಲಸ ಚುರುಕು. ಕಂಪ್ಯೂಟರಿನಲ್ಲಿ ನನ್ನ ಹೊಸ ಅಂಕ ಹಾಕಿ, ಪಟ್ಟಿ ನೋಡಿ, ತಲೆ ಅಲ್ಲಾಡಿಸಿದಳು.

"ನಿಮ್ಮ ಕೆಟಗರಿ ಸೀಟು ಎಲ್ಲಾ ತುಂಬ್ಯಾವ. ಜನರಲ್ ಲಿಸ್ಟಿನಾಗೂ ತುಂಬ್ಯಾವ. ಆದ್ರ ನೋಡು, ಜನರಲ್ ಲಿಸ್ಟಿನಾಗ ಮುಂದಿನ ನಂಬರ್ ನಿಂದ ಅದ. ನಾಳಿ ಹನ್ನೆರಡರೊಳಗ ಯಾರರೆ ಕ್ಯಾನ್ಸಲ್ ಮಾಡಿದ್ರ ಆ ಸೀಟು ನಿಂದು. ಎರಡಕ್ಕ ಹೆಸರು ಕರೀತೀವಿ. ಇಲ್ಲಂದ್ರ ಮುಂದಿನ ವರ್ಷ."

ಮುಂದಿನ ವರ್ಷ ಎನ್ನುವುದು ಅವಳಿಗೆ ಎರಡು ಶಬ್ದ. ನನಗೆ ಹಾಗಿರಲಿಲ್ಲ. ಕಡೇಚೂರಿನ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೋಮವಾರದಿಂದ ಬಾ ಎಂದು ಆಗಲೇ ಹೇಳಿದ್ದರು. ಸೈದಾಪುರದಲ್ಲಿ ಇನ್ನಿಬ್ಬರ ಜೊತೆ ಕೋಣೆಯೂ ಗೊತ್ತಾಗಿತ್ತು. ಒಂದೇ ವರ್ಷ ಎಂದು ಹೋದ ನಮ್ಮ ಓಣಿಯ ಮೂವರು ಹುಡುಗಿಯರಲ್ಲಿ ಒಬ್ಬಳೂ ಪುಸ್ತಕಕ್ಕೆ ವಾಪಸು ಬರಲಿಲ್ಲ. ನಾನು ನಾಲ್ಕನೆಯವಳಾಗಲು ತಯಾರಿರಲಿಲ್ಲ.

ಸೀಟು ಹಿಡಿದಿಟ್ಟುಕೊಂಡು ಬಿಡದೆ ಕೂತವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸುರಪುರದ ಬಟ್ಟೆ ಅಂಗಡಿ ಸಾವ್ಕಾರರ ಮಗಳು. ಮೂರು ವರ್ಷ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳು, ನನ್ನ ಗೆಳತಿ. ಅವಳು ಇದೇ ಕೇಂದ್ರದಲ್ಲಿ ಜನರಲ್ ಲಿಸ್ಟಿನ ಎಂ.ಎಸ್ಸಿ ಸೀಟಿಗೆ ಫೀಸು ಕಟ್ಟಿದ್ದಳು, ಆಮೇಲೆ ಊರಲ್ಲೇ ಬಿ.ಎಡ್ ಸೇರಿದ್ದಳು. ಕೇಂದ್ರದ ಹೊರಗೆ ನಿಂತು ಅವಳಿಗೆ ಫೋನು ಹಚ್ಚಿದೆ.

"ನಾ ಎರಡು ಸಲ ಕ್ಯಾನ್ಸಲ್ ಒತ್ತೀನಿ ಗೊತ್ತೇನು," ಎಂದಳು. "ಓಟಿಪಿ ಅಪ್ಪನ ಫೋನಿಗಿ ಹೋಗ್ತೈತಿ. ಅಪ್ಪ ಹೇಳವಲ್ಲ. ಗುರುಮಠಕಲ್ ಕಡಿಂದ ಒಂದು ಸಂಬಂಧ ಬಂದೈತಿ. ಹುಡುಗಿಗಿ ಎಂ.ಎಸ್ಸಿ ಸೀಟು ಸಿಕ್ಕೈತಿ ಅಂತ ಅವರ ಮುಂದ ಹೇಳ್ಯಾನ. ಮಾತುಕತಿ ಮುಗಿಯೂ ತನಕ ಬಿಡಬ್ಯಾಡ ಅಂತಾನ."

ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಓದಲು ಬೇಡವಾದ ಸೀಟು ಬೀಗರ ಮುಂದೆ ಹೇಳಿಕೊಳ್ಳಲು ಬೇಕು! ಅದಕ್ಕಾಗಿ ನಾನು ಕಡೇಚೂರಿಗೆ ಹೋಗಿ ಡಬ್ಬಿಗೆ ಟೇಪು ಹಚ್ಚಬೇಕು!

ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ. ಓಟಿಪಿ ಎಂದರೆ ಏನೆಂದು ಕೇಳಿದಳು. ಫೋನಿಗೆ ಬರುವ ಆರು ಅಂಕಿ, ಹತ್ತು ನಿಮಿಷದೊಳಗೆ ಹೇಳಿದರೆ ಮಾತ್ರ ನಡೆಯುತ್ತದೆ ಎಂದೆ. ರೊಟ್ಟಿ ತಿರುವಿ ಹಾಕಿ ಅಂದಳು:

"ಫೋನಿನ್ಯಾಗ ಅವ ಜಗ್ಗಂಗಿಲ್ಲ. ಎದುರಿಗಿ ಹೋಗಿ ಕೇಳು. ಹ್ಯಾಂಗೂ ಹೊಂಟೀ, ನನಗೊಂದು ಜಂಪರ್ ಪೀಸ್ ತಗೊಂಬಾ. ಬೋಣಿ ಹೊತ್ತಿಗಿ ಹೋಗು. ಮೊದಲನೇ ಗಿರಾಕಿನ್ನ ಬರಿಗೈಲೆ ಕಳಸಂಗಿಲ್ಲ ಅವ. ಕೇಳಿದ ರೇಟಿಗಿ ಕೊಡ್ತಾನ."

ಅವ್ವ ಹೇಳಿದ್ದು ಜಂಪರ್ ಪೀಸಿನ, ಎಂದರೆ ಕುಪ್ಪಸದ ಬಟ್ಟೆಯ, ರೇಟಿನ ಮಾತು ಅಷ್ಟೇ. ನಮ್ಮ ಓಣಿಯ ಹೆಂಗಸರೆಲ್ಲ ಆ ಅಂಗಡಿಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುತ್ತಾರೆ. ಬೋಣಿ ಮುರಿದರೆ ದಿನದ ವ್ಯಾಪಾರವೇ ಕೆಟ್ಟಿತು ಎಂದು ಸಾವ್ಕಾರರ ನಂಬಿಕೆ, ಹಾಗಾಗಿ ಮೊದಲ ಗಿರಾಕಿಗೆ ನಷ್ಟ ಮಾಡಿಕೊಂಡಾದರೂ ಕೊಡುತ್ತಾರೆ. ಆದರೆ ಅವ್ವನ ಮಾತು ನನ್ನ ತಲೆಯಲ್ಲಿ ಬೇರೆಯೇ ಕೆಲಸ ಮಾಡತೊಡಗಿತು. ಗೆಳತಿಗೆ ಮತ್ತೆ ಫೋನು ಹಚ್ಚಿ, ನಾಳೆ ಅಂಗಡಿ ತೆರೆದ ಮೇಲೆ ನಾನು ಮಿಸ್ ಕಾಲ್ ಕೊಟ್ಟ ಕೂಡಲೇ ಕ್ಯಾನ್ಸಲ್ ಒತ್ತು ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಒತ್ತತೇನಿ ಎಂದಳು.

ಮೊದಲ ಬಸ್ಸಿಗೆ ಸುರಪುರ ಮುಟ್ಟಿದೆ. ಚೀಲದಲ್ಲಿ ಮೂಲ ದಾಖಲೆಗಳೆಲ್ಲ ಇದ್ದವು, ಕೆಲಸವಾದರೆ ಅಲ್ಲಿಂದಲೇ ಯಾದಗಿರಿ ಬಸ್ಸು ಹಿಡಿಯಬೇಕಿತ್ತು. ಸಾವ್ಕಾರರು ಆಗಷ್ಟೇ ಬಾಗಿಲು ತೆರೆದು, ಹೊಸ್ತಿಲಿಗೆ ನೀರು ಹಾಕಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಗಲ್ಲಾ ಪೆಟ್ಟಿಗೆಗೆ ಊದಿನಕಡ್ಡಿ ಬೆಳಗುತ್ತಿದ್ದರು. ಅಂಗಡಿ ಕೆಳಗೆ, ಮನೆ ಮೇಲೆ. ನನ್ನನ್ನು ನೋಡಿ ನಕ್ಕರು. ಕೆಟ್ಟ ಮನುಷ್ಯರೇನಲ್ಲ, ಮಗಳ ಗೆಳತಿ ಎಂದು ಹಬ್ಬಕ್ಕೆ ಉಂಡಿ ಕಳಿಸಿದವರೇ.

"ಬಾ ತಂಗಿ, ಬೋಣಿಗಿ ಬಂದೀ. ಏನ್ ಕೊಡ್ಲಿ?"

"ಅವ್ವಗ ಜಂಪರ್ ಪೀಸ್ ಬೇಕ್ರಿ. ಹಸರದ್ದು."

ಹಸಿರಿನಲ್ಲಿ ನಾಲ್ಕು ಥರದ್ದು ತೆಗೆದು ಗಿರಾಕಿಗಳು ಕೂರುವ ಹಾಸಿನ ಮೇಲೆ ಹಾಕಿದರು. ಒಂದನ್ನು ಆರಿಸಿದೆ, ರೇಟು ಕೇಳಿದೆ, ಚೌಕಾಸಿ ಮಾಡಲಿಲ್ಲ. ಅವರಿಗೆ ಅದೇ ಆಶ್ಚರ್ಯ. ಅಳತೆ ಹಿಡಿದು ಕತ್ತರಿ ಹಾಕಿ ಚರ್ರನೆ ಹರಿದರು. ಹರಿಯುವ ಸದ್ದು ಕೇಳಿದ ಮೇಲೆ ನಾನು ಚೀಲದೊಳಗೇ ಫೋನಿನ ಗುಂಡಿ ಒತ್ತಿದೆ. ನೋಟು ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಅವರ ಅಂಗಿಯ ಜೇಬಿನಲ್ಲಿ ಫೋನು ಟಿಣ್ ಎಂದಿತು.

"ಸಾವ್ಕಾರ್ರೀ, ರೊಕ್ಕ ಕೊಡ್ತೇನ್ರಿ. ಅದಕ್ಕಿಂತ ಮೊದಲ ನಿಮ್ಮ ಫೋನಿಗಿ ಈಗ ಬಂದ ಆರು ಅಂಕಿ ಹೇಳ್ರಿ."

ಫೋನು ತೆಗೆದು ನೋಡಿದರು. ಮುಖದ ನಗು ಹೋಯಿತು.

"ಇದು ಅಂಗಡಿ ತಂಗಿ. ಅದೆಲ್ಲ ಇಲ್ಲಿ ಬ್ಯಾಡ."

"ನಿಮ್ಮ ಮಗಳು ಎಂ.ಎಸ್ಸಿಗಿ ಹೋಗಂಗಿಲ್ರಿ. ಹನ್ನೆರಡರೊಳಗ ಬಿಟ್ರ ಆ ಸೀಟು ನನಗ ಬರ್ತೈತಿ. ಬಿಡಲಿಲ್ಲಂದ್ರ ಯಾರಿಗೂ ಬರಂಗಿಲ್ಲ, ಎರಡು ವರ್ಷ ಖಾಲಿ ಬಿದ್ದಿರ್ತೈತಿ."

"ನಿಮ್ಮ ಮಂದಿಗಿ ಸರ್ಕಾರ ಬ್ಯಾರೆ ಇಟ್ಟೈತಲ್ಲ. ನಮ್ಮದಕ್ಕ ಯಾಕ ಕೈ ಹಾಕ್ತಿ?"

ಈ ಮಾತನ್ನು ನಾನು ಹೈಸ್ಕೂಲಿನಿಂದ ಕೇಳಿಕೊಂಡು ಬಂದಿದ್ದೆ, ಪ್ರತಿಸಲ ತಲೆ ತಗ್ಗಿಸಿ ಬಂದಿದ್ದೆ. ಅವತ್ತು ತಗ್ಗಿಸಲಿಲ್ಲ.

"ಅದು ನಮ್ಮ ಹಕ್ಕು, ಅದರಾಗ ನಾಚಿಕಿ ಏನಿಲ್ರಿ. ಅದು ತುಂಬೈತಿ. ಇದು ಎಲ್ಲಾರ ಲಿಸ್ಟು. ಇದರಾಗ ಮುಂದಿನ ನಂಬರ್ ನಂದೈತಿ. ನಿಮ್ಮದಲ್ಲ ನಾ ಕೇಳಾಕತ್ತಿದ್ದು. ನಂದು ಕೇಳಾಕತ್ತೀನಿ."

ಅವರು ಫೋನನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಹರಿದ ಬಟ್ಟೆ ಹಾಸಿನ ಮೇಲೆ ಹಾಗೇ ಬಿದ್ದಿತ್ತು. ಹೊರಗೆ ಹೋಗು ಎನ್ನುವಂತಿಲ್ಲ, ಬೋಣಿ ಮುರಿಯುತ್ತದೆ. ರೊಕ್ಕ ಬೇಡ, ಬಟ್ಟೆ ಪುಕ್ಕಟೆ ಒಯ್ಯಿ ಎನ್ನುವಂತಿಲ್ಲ, ಅದು ಇನ್ನೂ ಕೆಟ್ಟದ್ದು. ನನಗೆ ಇದರಲ್ಲಿ ಒಂದು ಚೂರೂ ನಂಬಿಕೆಯಿಲ್ಲ. ಅವರಿಗೆ ಇತ್ತು, ಅಷ್ಟು ಸಾಕಾಗಿತ್ತು. ನಾನು ನೋಟು ಹಿಡಿದುಕೊಂಡೇ ಕಾಲು ಮಡಚಿ ಕೂತೆ.

ಹತ್ತು ನಿಮಿಷ ಕಳೆದುಹೋಯಿತು. ಆ ಅಂಕಿ ಕೆಟ್ಟವು. ಯಾದಗಿರಿ ಬಸ್ಸೊಂದು ಹಾರ್ನು ಹೊಡೆದುಕೊಂಡು ಹೋದದ್ದು ಕೇಳಿಸಿತು. ಆಗ ಕೊಡೇಕಲ್ ಕಡೆಯ ಇಬ್ಬರು ಹೆಂಗಸರು ಸೀರೆ ಕೊಳ್ಳಲು ಬಂದರು. ಸಾವ್ಕಾರರು ಅವರಿಗೆ ಸೀರೆ ತೋರಿಸಿದರು. ಅವರು ಒಂದನ್ನು ಮೆಚ್ಚಿ ರೊಕ್ಕ ತೆಗೆದರು. ಸಾವ್ಕಾರರ ಕೈ ಮುಂದೆ ಬಂತು, ಅರ್ಧಕ್ಕೇ ನಿಂತಿತು. ಮೊದಲು ಹರಿದ ಬಟ್ಟೆಯ ರೊಕ್ಕ ಬರದೆ ಎರಡನೆಯದನ್ನು ಹೇಗೆ ತೆಗೆದುಕೊಳ್ಳುವುದು?

"ಅಕಿದು ಏನೈತಿ ಮುಗಸ್ರಿ ಸಾವ್ಕಾರ್ರ," ಎಂದಳು ಹಿರಿಯಳು. "ನಮ್ಮ ಬಸ್ ಹೋಗ್ತೈತಿ."

ಅದೇ ಹೊತ್ತಿಗೆ ಒಳಗಿನ ಮೆಟ್ಟಿಲ ಮೇಲೆ ಗೆಳತಿ ಬಂದು ನಿಂತಳು. ಅಪ್ಪನ ಎದುರು ಅವಳು ದನಿ ಎತ್ತಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅವತ್ತೂ ಎತ್ತಲಿಲ್ಲ, ಮೆಲ್ಲಗೇ ಹೇಳಿದಳು.

"ಅಪ್ಪಾ, ಮತ್ತೊಮ್ಮಿ ಒತ್ತೀನಿ. ನನಗ ಬ್ಯಾಡಾದದ್ದು ಅಕಿಗರೆ ಸಿಗಲಿ."

ಜೇಬಿನಲ್ಲಿ ಮತ್ತೆ ಟಿಣ್ ಎಂದಿತು. ಸಾವ್ಕಾರರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಸೀರೆ ಹಿಡಿದ ಹೆಂಗಸರನ್ನು ನೋಡಿದರು. ಚಾಳೀಸು ಮೂಗಿನ ಮೇಲೆ ಏರಿಸಿಕೊಂಡು, ಫೋನನ್ನು ದೂರ ಹಿಡಿದು, ಬಟ್ಟೆ ಅಳೆಯುವವರಂತೆ ಒಂದೊಂದೇ ಅಂಕಿ ಹೇಳಿದರು. ಆರೂ ಹೇಳಿದರು. ಗೆಳತಿ ತನ್ನ ಫೋನಿನಲ್ಲಿ ಒತ್ತಿ, ನನ್ನ ಕಡೆ ನೋಡಿ ತಲೆ ಆಡಿಸಿದಳು.

"ಆತಿಲ್ಲ? ತಾ, ಅಲ್ಲಿಡು," ಎಂದರು ಸಾವ್ಕಾರರು.

ಅಲ್ಲಿ ಎಂದರೆ ಹಾಸಿನ ತುದಿಗಿದ್ದ ಮರದ ಹಲಗೆ. ನಮ್ಮ ಓಣಿಯವರ ರೊಕ್ಕ ಯಾವತ್ತೂ ಆ ಹಲಗೆಯ ಮೇಲೆ ಇಡಬೇಕು, ಚಿಲ್ಲರೆಯನ್ನೂ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಅವ್ವ ನನ್ನನ್ನು ಮಗುವಿದ್ದಾಗಿನಿಂದ ಕರೆತಂದದ್ದು ಆ ಹಲಗೆಯ ಮುಂದಕ್ಕೇ. ಆ ಬೆಳಗ್ಗೆ ಸೀಟಿನ ಹೊರತು ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ, ಹಲಗೆಯ ವಿಚಾರ ಖಂಡಿತ ಇರಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ನನ್ನ ಕೈ ಕೆಳಗೆ ಇಳಿಯಲು ಒಪ್ಪಲಿಲ್ಲ. ನೋಟು ಹಿಡಿದು ಚಾಚಿದೆ.

"ಕೈಯಾಗ ತಗೋರಿ."

ಗೆಳತಿ ನೆಲ ನೋಡುತ್ತಿದ್ದಳು, ಹಲಗೆ ಯಾಕಿದೆ ಎಂದು ಅವಳಿಗೂ ಗೊತ್ತಿತ್ತು. ಕೊಡೇಕಲ್ಲಿನ ಹಿರಿಯಳು ಹಲಗೆ ನೋಡಿದಳು, ನನ್ನ ಕೈ ನೋಡಿದಳು, ಅರ್ಥವಾಯಿತೆಂದು ಕಾಣುತ್ತದೆ, ಈ ಸಲ ಬಸ್ಸಿನ ಮಾತು ಎತ್ತಲಿಲ್ಲ. ನಾನು ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ಸಾವ್ಕಾರರು ಕೊನೆಗೆ ಎರಡು ಬೆರಳಿನಲ್ಲಿ ನೋಟಿನ ತುದಿ ಹಿಡಿದರು. ಬೋಣಿಯ ರೊಕ್ಕವಲ್ಲವೇ, ರೂಢಿ ಬಿಡಲಿಲ್ಲ. ಎರಡೂ ಕಣ್ಣಿಗೆ ಒತ್ತಿಕೊಂಡು ಗಲ್ಲಾದೊಳಗೆ ಹಾಕಿದರು.

ಯಾದಗಿರಿ ಮುಟ್ಟುವವರೆಗೂ ಬಸ್ಸಿನಲ್ಲಿ ನಿಂತೇ ಹೋದೆ. ಎರಡು ಗಂಟೆಗೆ ಸಭಾಂಗಣದಲ್ಲಿ ಅದೇ ಕ್ಲರ್ಕು ಪಟ್ಟಿ ಹಿಡಿದು ಬಂದಳು. ಗಣಿತಕ್ಕೆ ಒಂದು ಸೀಟು ಖಾಲಿ ಎಂದು ಹೇಳಿ ನನ್ನ ಹೆಸರು ಕರೆದಳು. ಪಕ್ಕದ ಹುಡುಗನೊಬ್ಬ ನನ್ನ ಜಾತಿ ಪ್ರಮಾಣಪತ್ರ ನೋಡಿ, ಕೆಟಗರಿ ಸೀಟೇನು ಎಂದು ಕೇಳಿದ. ಅಲ್ಲ, ಆಗಿದ್ದರೂ ನಿನಗೇನು ಎಂದೆ. ಕ್ಲರ್ಕಿಗೆ ನಗು ಬಂತು, ಸಹಿ ಮಾಡುವ ಜಾಗ ಬೆರಳಿಟ್ಟು ತೋರಿಸಿದಳು. ಸಹಿ ಮಾಡಿದ ಮೇಲೆ ಹೊರಗೆ ಬಂದು ನಳದ ಹತ್ತಿರ ಕೂತು ಅತ್ತೆ. ಹಿಂದಿನ ದಿನದಿಂದ ತಡೆದುಕೊಂಡದ್ದೆಲ್ಲ ಅತ್ತೆ.

ಮನೆಗೆ ಬಂದಾಗ ಅವ್ವ ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಸೀಟು ಸಿಕ್ಕಿತು ಎಂದೆ. ಒದ್ದೆ ಕೈಯಲ್ಲೇ ನನ್ನ ಕೆನ್ನೆ ಹಿಡಿದಳು. ಚೀಲದಿಂದ ಜಂಪರ್ ಪೀಸ್ ತೆಗೆದು ಕೊಟ್ಟೆ, ನಡೆದದ್ದನ್ನೆಲ್ಲ ಹೇಳಿದೆ. ಓಟಿಪಿಯ ಕಥೆಗೆ ನಕ್ಕಳು. ರೊಕ್ಕದ ಮಾತು ಬಂದಾಗ ನಗು ನಿಲ್ಲಿಸಿದಳು.

"ಹಲಗಿ ಮ್ಯಾಲ ಇಡ್ಲಿಲ್ಲ?"

"ಇಲ್ಲವ್ವ. ಕೈಯಾಗ ಕೊಟ್ಟೆ."

"ತಗೊಂಡ?"

"ತಗೊಂಡು ಕಣ್ಣಿಗಿ ಒತ್ಗೊಂಡ."

ಅವ್ವ ಹಸಿರು ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

ನನ್ನ ಕ್ಲಾಸು ಶುರುವಾದದ್ದು ಸೋಮವಾರ, ಕಡೇಚೂರಿಗೆ ಹೋಗಬೇಕಾಗಿದ್ದ ಅದೇ ಸೋಮವಾರ. ಸಂಜೆ ಹೊಸ ನೋಟುಬುಕ್ಕು ಹಿಡಿದು ಮನೆಗೆ ಬಂದರೆ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಕೂಲಿಗೆ ಹೋಗಿರಲಿಲ್ಲ. ಪಕ್ಕದಲ್ಲಿ ಅಂಗಡಿಯ ಚೀಲವಿತ್ತು. ಜಂಪರಿಗೆ ಒಳಗೆ ಹಚ್ಚಲು ಅಸ್ತರಿನ ಬಟ್ಟೆ ಬೇಕಾಗಿತ್ತು, ಬೋಣಿ ಹೊತ್ತಿಗೆ ಸುರಪುರಕ್ಕೆ ಹೋಗಿದ್ದೆ ಎಂದಳು. ಅಸ್ತರಿನ ಬಟ್ಟೆ ಶಹಾಪುರದಲ್ಲೂ ಸಿಗುತ್ತದೆ. ನಾನು ಅವಳ ಮುಖವನ್ನೇ ನೋಡಿದೆ.

"ನನ್ನ ಕೈಯಾಗಿಂದೂ ತಗೊಂಡ," ಎಂದಳು ಅವ್ವ. "ಎರಡು ತಾಸು ಕುಂದ್ರಬೇಕಾತು."