ಭುಜಂಗಣ್ಣನ ಪಾರ್ಟಿಗಳು

ಭುಜಂಗಣ್ಣನ ಲೋಕದಲ್ಲಿ ಮನುಷ್ಯರೇ ಇರಲಿಲ್ಲ, ಇದ್ದವರೆಲ್ಲ ಪಾರ್ಟಿಗಳು. ಕಸುಬು ಮದುವೆ ದಲ್ಲಾಳಿ. ವಂಡ್ಸೆ ಪೇಟೆಯ ಹೋಟೆಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಊರವರ ಚಾ ಕುಡಿಯುತ್ತ ಬೆಳಿಗ್ಗೆಯಿಂದಲೇ ಕೂತಿರುತ್ತಿದ್ದ. ವಯಸ್ಸಿಗಾದರೂ ಬಹುವಚನ ಕೊಡು ಎಂದು ಅಮ್ಮ ಹೇಳುತ್ತಾಳೆ. ನನಗೆ ನಾಲಿಗೆ ಹೊರಳುವುದಿಲ್ಲ.

ಹುಡುಗನ ಮನೆಯವರು ಪಾರ್ಟಿ, ಹುಡುಗಿಯ ಮನೆಯವರೂ ಪಾರ್ಟಿ. ಬೆಂಗಳೂರಲ್ಲಿ ಹೋಟೆಲಿದ್ದವನು ‘ಗಟ್ಟಿ ಪಾರ್ಟಿ’, ವಿಚಾರಿಸಿ ಹೇಳುತ್ತೇವೆ ಎಂದವರು ‘ಜೊಳ್ಳು ಪಾರ್ಟಿ’. ಸಂಜೆ ಬಾರಿನಲ್ಲಿ ಯಾರದೋ ಖರ್ಚಿನಲ್ಲಿ ಕುಡಿದರೆ ಅದೂ ಪಾರ್ಟಿ. ಚುನಾವಣೆ ಬಂದರೆ ಆ ದಿನ ಕೈಯಲ್ಲಿ ಯಾರ ಬಾವುಟವೋ ಅದು ‘ನಮ್ಮ ಪಾರ್ಟಿ’. ಒಮ್ಮೆ ಸಾವಿನ ಮನೆಯ ಅಂಗಳದಲ್ಲಿ ನಿಂತು, “ಒಳ್ಳೆ ಪಾರ್ಟಿ ಹೋಯ್ತ್ ಮಾರಾಯ್ರೆ. ಇನ್ನೂ ಎರಡ್ ಹೆಣ್ಮಕ್ಳ್ ಮದಿ ಬಾಕಿ ಇತ್ತ್” ಎಂದದ್ದನ್ನು ನಾನೇ ಕೇಳಿದ್ದೇನೆ. ಅವನ ದುಃಖವೆಲ್ಲ ಆ ಎರಡು ಮದುವೆಗಳದ್ದು.

ನನ್ನ ಅಕ್ಕನಿಗೆ ಬಲಗೈಯ ಮಣಿಕಟ್ಟಿನಿಂದ ಬೆರಳಿನವರೆಗೆ ತೊನ್ನು. ಬಿಜೂರಿನ ನಮ್ಮ ಮನೆ ಹತ್ತಿರವೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಆ ಕೈಯನ್ನು ಎಂದೂ ಮುಚ್ಚಿಟ್ಟವಳಲ್ಲ. ಇದ್ದ ಹಾಗೇ ಒಪ್ಪುವವನು ಸಿಕ್ಕರೆ ಮದುವೆ, ಇಲ್ಲದಿದ್ದರೆ ಬೇಡ ಎನ್ನುತ್ತಿದ್ದಳು. ಅಮ್ಮನಿಗೆ ಅಷ್ಟು ಧೈರ್ಯವಿರಲಿಲ್ಲ. ಭುಜಂಗಣ್ಣನಿಗೆ ಹೇಳಿ ಕಳಿಸಿದಳು.

ಬಂದವನು ಅಕ್ಕನ ಮುಖ ನೋಡಲಿಲ್ಲ, ಕೈ ನೋಡಿದ.

“ಡ್ಯಾಮೇಜ್ ಪಾರ್ಟಿ ಅಲ್ದಾ ಅಮ್ಮ, ಸ್ವಲ್ಪ ಕಷ್ಟ ಇತ್ತ್” ಎಂದ, ಅವಳೆದುರೇ. ಅಕ್ಕ ಚಾ ಲೋಟ ಇಟ್ಟು ಒಳಗೆ ಹೋದಳು. ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ ನನ್ನ ಕಡೆ ತಿರುಗಿ, “ಇದ್ ಮುಂದಿನ ಪಾರ್ಟಿಯಾ?” ಎಂದು ಹಲ್ಲು ಕಿರಿದ. ಆ ಹಲ್ಲು ಉದುರಿಸಬೇಕು ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಕೊನೆಗೆ ಬ್ರಹ್ಮಾವರದಿಂದ ಒಬ್ಬ ಹುಡುಗನನ್ನು ಕರೆತಂದ. ಹೆಸರು ಸುರೇಶ, ಮೆಡಿಕಲ್ ಅಂಗಡಿಯಲ್ಲಿ ಕೆಲಸ. ಜೊತೆಗೆ ಅವನ ತಾಯಿ. ಅಕ್ಕ ಅವಲಕ್ಕಿ ತಟ್ಟೆ ಕೊಡುವಾಗ ತಾಯಿಯ ಕಣ್ಣು ಕೈಯ ಮೇಲೆ ನಿಂತಿತು.

“ಬಂಗುಡೆ ಹುರಿವತ್ತಿಗೆ ಎಣ್ಣೆ ಹಾರಿದ್ ಮಾರಾಯ್ರೆ” ಎಂದ ಭುಜಂಗಣ್ಣ, ಯಾರೂ ಕೇಳುವ ಮೊದಲೇ.

“ಎಣ್ಣೆ ಅಲ್ಲ, ತೊನ್ನ್” ಎಂದಳು ಅಕ್ಕ. “ಅವ್ರ್ ಹೇಳಿದ್ದ್ ಸುಳ್ಳ್.”

ತಾಯಿ ತಟ್ಟೆ ಕೆಳಗಿಟ್ಟರು. ಅವರು ಹೋದ ಮೇಲೆ ಭುಜಂಗಣ್ಣ ಅಂಗಳದಲ್ಲೇ ಹಾರಾಡಿದ. “ಕೈಗ್ ಬಂದ್ ಪಾರ್ಟಿ ಹಾಳ್ ಮಾಡ್ದೆ ಹೆಣೆ! ಇನ್ನ್ ನಿಂಗೆ ಎರಡನೇ ಸಂಬಂಧದ ಮುದುಕ್ರೇ ಗತಿ.”

ವಾರ ಕಳೆದು ಸುರೇಶ ಒಬ್ಬನೇ ಹೊಲಿಗೆ ಅಂಗಡಿಗೆ ಬಂದ.

“ಎಣ್ಣೆ ಕಲೆ ಅಲ್ಲ ಅಂದೇಳಿ ನಂಗ್ ಆಗ್ಳೇ ಗೊತ್ತಿತ್ತ್. ತೊನ್ನಿನ ಮದ್ದಿಗೆ ಅಂಗಡಿಗೆ ಬಪ್ಪರನ್ನ್ ದಿನಾ ಕಾಂತೆ ಅಲ್ದಾ? ಅಮ್ಮನ್ನ ಒಪ್ಪಿಸುಕೆ ಒಂದ್ ವಾರ ಬೇಕಾಯ್ತ್” ಎಂದ. ಭುಜಂಗಣ್ಣ ಅಷ್ಟೆಲ್ಲ ಅಂದಾಗ ಕಣ್ಣೀರು ಹಾಕದ ಅಕ್ಕ ಅವತ್ತು ಮಿಷನ್ ನಿಲ್ಲಿಸಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಮದುವೆಯ ಮರುದಿನ ನಮ್ಮ ಮನೆಯಲ್ಲಿ ಔತಣ. ಯಾರೂ ಕರೆಯದಿದ್ದರೂ ಭುಜಂಗಣ್ಣ ಬಂದು ಪಂಕ್ತಿಯ ನಡುವೆ ಕೂತ. ನಾಚಿಕೆ ಎಂಬುದು ಅವನ ಹತ್ತಿರ ಸುಳಿದದ್ದಿಲ್ಲ. “ಇದ್ ನಂದೇ ಪಾರ್ಟಿ. ಎಷ್ಟ್ ಕಷ್ಟದಲ್ ಕುದ್ರಿಸಿದ್ದ್ ಗೊತ್ತಿತ್ತಾ?” ಎಂದು ಪಕ್ಕದವರ ಹತ್ತಿರ ಬಡಾಯಿ ಕೊಚ್ಚುತ್ತಿದ್ದ.

ಆ ದಿನ ಮದುಮಗಳೇ ಪಾಯಸ ಬಡಿಸುವುದು ನಮ್ಮಲ್ಲಿ ವಾಡಿಕೆ. ಅಕ್ಕ ಒಂದೊಂದೇ ಎಲೆಗೆ ಬಡಿಸುತ್ತ ಅವನ ಮುಂದೆ ಬಂದಳು. ಸೌಟು ಹಿಡಿದ ಕೈ ಕಂಡದ್ದೇ ಅವನು ಎಲೆಗೆ ಅಡ್ಡ ಕೈಯಿಟ್ಟ.

“ಸಾಕ್ ಸಾಕ್, ಸಕ್ಕರೆ ಕಾಯ್ಲೆ ನಂಗೆ” ಎಂದ. ಅಷ್ಟರಲ್ಲಿ ಅವನು ನಾಲ್ಕು ಹೋಳಿಗೆ ಮುಗಿಸಿದ್ದನ್ನು ಪಂಕ್ತಿಯಿಡೀ ನೋಡಿತ್ತು.

“ಹೆದ್ರಬೇಡಿ ಭುಜಂಗಣ್ಣ, ಇದ್ ಅಂಟುದಿಲ್ಲೆ” ಎಂದಳು ಅಕ್ಕ, ಸೌಟು ಹಿಡಿದೇ.

ಅವನು ಎಲೆ ಮಡಚಿ, ಪಂಕ್ತಿಯ ನಡುವಿನಿಂದಲೇ ಎದ್ದು ಹೋದ. ಕೂತುಕೊಳ್ಳಿ ಎಂದು ಒಬ್ಬರೂ ಹೇಳಲಿಲ್ಲ. ಆಮೇಲೆ ಅವನು ಬಿಜೂರಿನ ಕಡೆ ತಲೆ ಹಾಕಿಲ್ಲ. ನಾನು ಕೊನೆಯದಾಗಿ ಕಂಡದ್ದು ಅವನ ಬೆನ್ನು.

ಸೌಟಿನಲ್ಲಿ ಪಾಯಸ ಹಾಗೇ ಇತ್ತು. ಎದುರು ಸಾಲಿನಲ್ಲಿ ಕೂತಿದ್ದ ಸುರೇಶನ ತಾಯಿ ತಮ್ಮ ಎಲೆ ಸರಿ ಮಾಡಿಕೊಂಡರು.

“ಅವ್ರ್ ಪಾಲಿಂದೂ ನಂಗೇ ಹಾಕ್ ಮಗಾ” ಎಂದರು.